ಒಂದು ಬಿಟ್‌ನ ಅಧಿಕಾರ

ಗಣಕಯಂತ್ರದ ಚರಿತ್ರೆಯೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ವೇಗದ ಚರಿತ್ರೆ. ಯಾವ ಯಂತ್ರ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಿತು ಎಂಬುದನ್ನೇ ಎಲ್ಲರೂ ಹೇಳುತ್ತಾರೆ. ಯಂತ್ರದೊಳಗೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ. ನನಗಂತೂ ಅದೇ ಹೆಚ್ಚು ಸ್ವಾರಸ್ಯದ್ದೆನಿಸುತ್ತದೆ.

1950ರ ದಶಕದ ಮೊದಲ ಗಣಕಗಳಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಒಂದು ಹೊತ್ತಿಗೆ ಒಬ್ಬರ ಪ್ರೋಗ್ರಾಂ. ಅದು ಓಡುವಷ್ಟು ಕಾಲ ಇಡೀ ಯಂತ್ರ ಅದರದೇ. ತಪ್ಪಿದ್ದರೆ ಕೆಡುವುದೂ ಅವರ ಕೆಲಸವೇ. ಆದರೆ ಅಷ್ಟು ದುಬಾರಿ ಯಂತ್ರ ಸುಮ್ಮನೆ ಕೂರಬಾರದೆಂದು ಹಲವರ ಪ್ರೋಗ್ರಾಂಗಳನ್ನು ಒಟ್ಟಿಗೇ ಅದರ ಸ್ಮೃತಿಯಲ್ಲಿ ಇಡತೊಡಗಿದಾಗ ತೊಂದರೆ ಶುರುವಾಯಿತು. ಒಬ್ಬರ ಪ್ರೋಗ್ರಾಂ ತಪ್ಪು ವಿಳಾಸಕ್ಕೆ ಬರೆದರೆ ಪಕ್ಕದವರ ಅಂಕಿಗಳು ಅಳಿದುಹೋಗುತ್ತಿದ್ದವು. ಎಲ್ಲರ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ ಪ್ರೋಗ್ರಾಮಿನ ಮೇಲೆಯೇ ಬರೆದರೆ ಇಡೀ ಯಂತ್ರ ನಿಲ್ಲುತ್ತಿತ್ತು. ಅಳಿದವನ್ನು ಯಾರು ಅಳಿಸಿದರೆಂದು ಪತ್ತೆಯೂ ಆಗುತ್ತಿರಲಿಲ್ಲ.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಗಾಗಿ ಐ.ಬಿ.ಎಂ. 7090 ಯಂತ್ರವನ್ನೇ ಮಾರ್ಪಡಿಸಿಕೊಂಡರು. ಸ್ಮೃತಿ ಎರಡು ಭಾಗವಾಯಿತು; ಒಂದೊಂದರಲ್ಲೂ 32,768 ಪದ. ಒಂದು ಮೇಲ್ವಿಚಾರಕನಿಗೆ, ಇನ್ನೊಂದು ಬಳಕೆದಾರರಿಗೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಉದ್ಘಾಟನೆಯಾದ ಅಟ್ಲಾಸ್ ಗಣಕದಲ್ಲೂ ಇಂಥದೇ ಒಬ್ಬ ಮೇಲ್ವಿಚಾರಕನಿದ್ದ.

ಈ ವಿಭಜನೆಗೆ ಸ್ಪಷ್ಟ ರೂಪ ಕೊಟ್ಟದ್ದು 1964ರ ಏಪ್ರಿಲ್‌ನಲ್ಲಿ ಪ್ರಕಟವಾದ ಐ.ಬಿ.ಎಂ. 360 ಸರಣಿ. ಅದರ ಸ್ಥಿತಿಪದದಲ್ಲಿ ಒಂದು ಬಿಟ್ ಇತ್ತು. ಅದು ಸೊನ್ನೆಯಾಗಿದ್ದರೆ ಮೇಲ್ವಿಚಾರಕನ ಸ್ಥಿತಿ, ಒಂದಾಗಿದ್ದರೆ ಬಳಕೆದಾರನ ಸ್ಥಿತಿ. ಟೇಪ್, ಪ್ರಿಂಟರ್ ನಡೆಸುವುದು, ಸ್ಮೃತಿಯ ರಕ್ಷಣೆ ಬದಲಿಸುವುದು, ಸ್ಥಿತಿಪದವನ್ನೇ ಬದಲಿಸುವುದು, ಇವೆಲ್ಲ ಮೊದಲನೆಯದರಲ್ಲಿ ಮಾತ್ರ ನಡೆಯುವ ಆಜ್ಞೆಗಳು. ಬಳಕೆದಾರನ ಪ್ರೋಗ್ರಾಂ ಅವನ್ನು ಕೊಟ್ಟರೆ ಯಂತ್ರ ತಕ್ಷಣ ಕೆಲಸ ತಡೆದು ಮೇಲ್ವಿಚಾರಕನಿಗೆ ಒಪ್ಪಿಸುತ್ತಿತ್ತು.

ಹಾಗಾದರೆ ಬಳಕೆದಾರ ಪ್ರಿಂಟ್ ಮಾಡುವುದು ಹೇಗೆ? ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟಕ್ಕೆ ಕುಳಿತವರು ಸಾರು ಬೇಕೆಂದು ಅಡುಗೆಮನೆಗೆ ನುಗ್ಗುವುದಿಲ್ಲ, ಬಡಿಸುವವರನ್ನು ಕರೆಯುತ್ತಾರೆ. 360ರಲ್ಲಿ ಹಾಗೆ ಕರೆಯಲೆಂದೇ ಒಂದು ಆಜ್ಞೆಯಿತ್ತು. ಆದರೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಗಣಕದಲ್ಲಿ ಉಣ್ಣುವವನೂ ಬಡಿಸುವವನೂ ಅದೇ ಒಂದು ಸಂಸ್ಕಾರಕ. ಬದಲಾಗುವುದು ಬಿಟ್ ಮಾತ್ರ. ಕರೆಯುವ ನೆಪದಲ್ಲಿ ಬಳಕೆದಾರ ಅಧಿಕಾರವನ್ನು ಕಸಿದುಕೊಂಡರೆ? ಜಾಣತನ ಇರುವುದು ಇಲ್ಲೇ. ಆ ಆಜ್ಞೆ ಹಳೆಯ ಸ್ಥಿತಿಪದವನ್ನು ಒಂದು ಕಡೆ ಬರೆದಿಟ್ಟು, ಮೇಲ್ವಿಚಾರಕ ಮೊದಲೇ ನಿಗದಿತ ಜಾಗದಲ್ಲಿ ಇಟ್ಟ ಹೊಸ ಸ್ಥಿತಿಪದವನ್ನು ಎತ್ತಿಕೊಳ್ಳುತ್ತದೆ. ಮುಂದೆ ಯಾವ ವಿಳಾಸದಿಂದ ಓಡಬೇಕೆಂಬುದೂ ಅದರಲ್ಲೇ ಇರುತ್ತದೆ. ಬಿಟ್ ಬದಲಾಗುವುದೂ ಮೇಲ್ವಿಚಾರಕನ ಮನೆಗೆ ಹೋಗಿ ನಿಲ್ಲುವುದೂ ಒಂದೇ ಹೆಜ್ಜೆಯಲ್ಲಿ. ಅಧಿಕಾರ ಬಂದಾಗ ಬಳಕೆದಾರನ ಕೈಯಲ್ಲಿ ಏನೂ ಇರುವುದಿಲ್ಲ. ನಮ್ಮ ಸ್ಟುಡಿಯೋದಲ್ಲೂ ಕ್ಯಾಮೆರಾ ಮುಂದೆ ಕುಳಿತವರು ಎಷ್ಟೇ ದೊಡ್ಡವರಾಗಿರಲಿ, ದೃಶ್ಯ ಬದಲಿಸುವ ಗುಂಡಿ ಕಂಟ್ರೋಲ್ ರೂಮಿನಲ್ಲೇ ಇರುತ್ತದೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಈ ಸರಣಿಯ 360/44 ಯಂತ್ರ 1970ರ ದಶಕದ ಆರಂಭದಲ್ಲಿ ಬಂತು. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಫಲಿತಾಂಶಕ್ಕೆ ಕಾಯುವ ಕಾಲ ಅದು. ಮುಂದೆ ಅಲ್ಲಿಗೇ ಡೆಕ್ 1090 ಬಂದಾಗ ಹಲವರು ಏಕಕಾಲದಲ್ಲಿ ಟರ್ಮಿನಲ್ಲುಗಳ ಮುಂದೆ ಕುಳಿತು ಕೆಲಸ ಮಾಡುವಂತಾಯಿತು. ಒಬ್ಬರ ಕೀಟಲೆಯೋ ಅಜಾಗ್ರತೆಯೋ ಇನ್ನೊಬ್ಬರ ಪ್ರಬಂಧದ ಲೆಕ್ಕವನ್ನು ಕೆಡಿಸದಿರಬೇಕಾದರೆ ಎರಡು ಸ್ಥಿತಿಗಳ ವ್ಯವಸ್ಥೆ ಅನಿವಾರ್ಯವಾಗಿತ್ತು. ಬಳಕೆದಾರನ ಪ್ರೋಗ್ರಾಂ 'ನಿಲ್ಲು' ಎಂಬ ಆಜ್ಞೆ ಕೊಟ್ಟರೂ ಡೆಕ್ ಯಂತ್ರ ನಿಲ್ಲುತ್ತಿರಲಿಲ್ಲ. ಆ ಪ್ರೋಗ್ರಾಂ ಮಾತ್ರ ನಿಲ್ಲುತ್ತಿತ್ತು.

ವಿಚಿತ್ರವೆಂದರೆ 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ ಈ ರಕ್ಷಣೆಯೇ ಇರಲಿಲ್ಲ. ಮೇಜಿನ ಮೇಲಿನ ಯಂತ್ರ ಒಬ್ಬರದೇ ತಾನೇ ಎಂಬ ಲೆಕ್ಕಾಚಾರವಿರಬೇಕು. ಇಂಟೆಲ್ 1982ರ 80286 ಚಿಪ್ಪಿನಲ್ಲಿ ಅದನ್ನು ಮರಳಿ ತಂದಿತು, ಎರಡರ ಬದಲು ನಾಲ್ಕು ಅಂತಸ್ತುಗಳೊಂದಿಗೆ. ಮುಂದೆ 386ರ ಮೇಲೆ ಬಂದ ಲಿನಕ್ಸ್ ಆಗಲಿ ವಿಂಡೋಸ್ ಎನ್.ಟಿ. ಆಗಲಿ ಬಳಸಿದ್ದು ಎರಡನ್ನೇ.