ಎರವಲು ಮೆಲುಕು

ದನದ ಹೊಟ್ಟೆಗೆ ಒಳ್ಳೆಯ ಸೂಕ್ಷ್ಮಾಣುಗಳನ್ನು ಸೇರಿಸಿ ಆರೋಗ್ಯ ಕಾಪಾಡುವುದು ಈಚಿನ ಪಶು ಆಹಾರ ಕಂಪನಿಗಳ ಶೋಧ ಎಂದು ನಂಬಿದವರು ಬಹಳ. ಆದರೆ ಇಟಲಿಯ ಪಡುವಾದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಫ್ಯಾಬ್ರೀಷಿಯಸ್ (1533–1619), ಮೆಲುಕು ಹಾಕುವುದನ್ನೇ ನಿಲ್ಲಿಸಿದ ಪ್ರಾಣಿಯ ಬಾಯಿಗೆ ಇನ್ನೊಂದು ಪ್ರಾಣಿ ಅಗಿದ ಮೇವನ್ನು ಇಟ್ಟರೆ ಅದು ಚೇತರಿಸಿಕೊಳ್ಳುತ್ತದೆಂದು ಕೇಳಿದ್ದಾಗಿ ಬರೆದಿಟ್ಟಿದ್ದಾನೆ. 18ನೇ ಶತಮಾನದ ಸ್ವೀಡನ್ನಿನ ರೈತರಲ್ಲೂ ಈ ಚಿಕಿತ್ಸೆ ಬಳಕೆಯಲ್ಲಿತ್ತು: ಆರೋಗ್ಯವಾಗಿರುವ ಹಸುವಿನ ಬಾಯಿಂದ ಮೆಲುಕಿನ ಮುದ್ದೆಯನ್ನು ತೆಗೆದು, ಮೇವು ಬಿಟ್ಟ ಹಸುವಿಗೆ ತಿನ್ನಿಸುವುದು. ಆ ಮುದ್ದೆಯೊಳಗೆ ಏನಿದೆಯೆಂದು ತಿಳಿಯಲು ಬಹುಕಾಲ ಹಿಡಿಯಿತು. ಮೆಲುಕು ಚೀಲದಲ್ಲಿ ಏಕಕೋಶ ಜೀವಿಗಳು ಕಿಕ್ಕಿರಿದಿರುವುದನ್ನು ಗ್ರೂಬಿ ಮತ್ತು ಡೆಲಾಫಾಂಡ್ ಕಂಡದ್ದು 1843ರಲ್ಲಿ. ಗಾಳಿ ಸೋಕಿದರೆ ಸಾಯುವ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನವನ್ನು ಅಮೆರಿಕದ ರಾಬರ್ಟ್ ಹಂಗೇಟ್ ರೂಪಿಸಿದ್ದು 20ನೇ ಶತಮಾನದ ನಡುಭಾಗದಲ್ಲಿ. ಈ ಚರಿತ್ರೆಯುದ್ದಕ್ಕೂ ನನಗೆ ಕಾಣುವುದು ಒಂದೇ ಸಂಗತಿ. ಹೊರಗಿನಿಂದ ಬಂದ ಜೀವಿ ದನದ ಹೊಟ್ಟೆಯಲ್ಲಿ ನೆಲೆ ನಿಂತದ್ದು ಅಲ್ಲಿ ಅದಕ್ಕೆ ಜಾಗ ತೆರವಾಗಿದ್ದಾಗ. ತುಂಬಿದ ಹೊಟ್ಟೆಗೆ ಮತ್ತಷ್ಟು ಸುರಿದಾಗ ಅದು ಉಳಿದದ್ದು ಅಪರೂಪ.

ಇದಕ್ಕೆ ಅತ್ಯಂತ ಖಚಿತವಾದ ಸಾಕ್ಷಿ ಸುಬಾಬುಲ್. ಮಧ್ಯ ಅಮೆರಿಕ ಮೂಲದ ಈ ಗಿಡ ಉತ್ತರ ಆಸ್ಟ್ರೇಲಿಯದ ಹುಲ್ಲುಗಾವಲುಗಳಿಗೂ ಹೋಯಿತು, ನಮ್ಮ ಹೊಲಗಳ ಬದುಗಳಿಗೂ ಬಂತು; ಭಾರತದಲ್ಲಿ ಅದನ್ನು ಹರಡಿದವರಲ್ಲಿ ಮುಖ್ಯರು ಉರುಳಿಕಾಂಚನದ ಬೈಫ್ ಸಂಸ್ಥೆಯ ಮಣಿಭಾಯಿ ದೇಸಾಯಿ. ಎಲೆಯಲ್ಲಿ ಪ್ರೋಟೀನ್ ಯಥೇಚ್ಛ, ಜೊತೆಗೆ ಮಿಮೋಸಿನ್ ಎಂಬ ವಿಷವೂ ಇದೆ. ಮೆಲುಕು ಚೀಲದಲ್ಲಿ ಮಿಮೋಸಿನ್ ಒಡೆದು ಡಿಎಚ್‌ಪಿ ಎಂಬ ವಸ್ತುವಾಗುತ್ತದೆ. ಅದು ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕೆಡಿಸುತ್ತದೆ. ಆಸ್ಟ್ರೇಲಿಯದ ದನಗಳಿಗೆ ಕೂದಲು ಉದುರಿತು, ಜೊಲ್ಲು ಸುರಿಯಿತು, ಗಂಟಲಿನ ಗ್ರಂಥಿ ಊದಿತು, ಮೈ ಹಿಡಿಯಲಿಲ್ಲ. ಅದೇ ಗಿಡ ಕಾಡುಪಾಲಾಗಿ ಬೆಳೆದಿದ್ದ ಹವಾಯಿಯಲ್ಲಿ ಮಾತ್ರ ಆಡು-ದನಗಳು ಮೇಯ್ದೂ ಆರಾಮವಾಗಿದ್ದವು. ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿ ರೇಮಂಡ್ ಜೋನ್ಸ್ ಈ ವ್ಯತ್ಯಾಸದ ಬೆನ್ನು ಹತ್ತಿದರು. ಗಿಡ ಒಂದೇ ಆಗಿದ್ದ ಮೇಲೆ ವ್ಯತ್ಯಾಸ ಹೊಟ್ಟೆಯಲ್ಲೇ ಇರಬೇಕು ಎಂಬುದು ಅವರ ತರ್ಕ. 1980ರ ದಶಕದ ಮೊದಲಲ್ಲಿ ಹವಾಯಿ ಆಡುಗಳ ಮೆಲುಕು ರಸದಿಂದ ಬೆಳೆಸಿದ ಸೂಕ್ಷ್ಮಾಣುಗಳನ್ನು ಆಸ್ಟ್ರೇಲಿಯದ ಆಡು-ದನಗಳ ಹೊಟ್ಟೆಗೆ ಸೇರಿಸಿದಾಗ, ಡಿಎಚ್‌ಪಿ ಅಲ್ಲೂ ಒಡೆಯತೊಡಗಿತು. ರಸ ಕುಡಿಸದ ದನಗಳಿಗೂ, ಒಂದೇ ಬಯಲಿನಲ್ಲಿ ಮೇಯುತ್ತಿದ್ದ ಮಾತ್ರಕ್ಕೆ, ಆ ಶಕ್ತಿ ಹರಡಿತು. ಈ ಕೆಲಸ ಮಾಡುವ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಮಿಲ್ಟನ್ ಆಲಿಸನ್ ಮತ್ತು ಸಂಗಡಿಗರು ಜೋನ್ಸ್ ಅವರ ಗೌರವಾರ್ಥ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಟ್ಟರು. ಆ ಜೀವಿ ನಿಂತದ್ದೇಕೆ? ಬೇರೆ ಯಾವ ಜೀವಿಯೂ ಉಣ್ಣದೆ ಬಿಟ್ಟಿದ್ದ ಆಹಾರ ಅದಕ್ಕೆ ದಿನವೂ ಸಿಗುತ್ತಿತ್ತು.

ಇದಕ್ಕೆ ಆಕ್ಷೇಪಗಳುಂಟು, ಅವು ಹಗುರವಾದವಲ್ಲ. ಆಸ್ಟ್ರೇಲಿಯ ಮತ್ತಿತರ ಕಡೆ ನಂತರ ನಡೆದ ಪರೀಕ್ಷೆಗಳಲ್ಲಿ, ಈ ಬ್ಯಾಕ್ಟೀರಿಯಾ ಯಾರೂ ಕುಡಿಸದ ದನಗಳಲ್ಲೂ ಅಲ್ಪ ಪ್ರಮಾಣದಲ್ಲಿ ಕಂಡಿತು. ರಸ ಕುಡಿಸಿದ ಕೆಲವು ಹಿಂಡುಗಳ ಮೂತ್ರದಲ್ಲಿ ಡಿಎಚ್‌ಪಿ ಉಳಿದೇ ಇತ್ತು. ಪಿತ್ತಜನಕಾಂಗವೂ ಈ ವಿಷವನ್ನು ಕಟ್ಟಿಹಾಕಿ ನಿರುಪದ್ರವ ಮಾಡುತ್ತದೆಂಬ ವಾದವಿದೆ. ಹಾಗಾದರೆ ಜೋನ್ಸ್ ಕಂಡದ್ದು ಸುಳ್ಳೇ? ಹಾಗನ್ನಲಾಗದು. ಯಶಸ್ಸು ನಾವು ತಿಳಿದಷ್ಟು ಸರಳವಲ್ಲ ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ. ತುಂಬಿದ ಹೊಟ್ಟೆಯ ಹಟವನ್ನಂತೂ 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಎತ್ತಿ ತೋರಿಸಿತು. ಪಾಲ್ ವೈಮರ್ ಮತ್ತು ಸಂಗಡಿಗರು ಹಸುಗಳ ಮೆಲುಕು ಚೀಲವನ್ನು ಹೆಚ್ಚುಕಡಿಮೆ ಪೂರ್ತಿ ಬರಿದು ಮಾಡಿ ಒಂದರದ್ದನ್ನು ಇನ್ನೊಂದಕ್ಕೆ ತುಂಬಿದರು. ಕೆಲವೇ ವಾರಗಳಲ್ಲಿ ಹಸುಗಳ ಹೊಟ್ಟೆಯ ಬ್ಯಾಕ್ಟೀರಿಯಾ ಸಮುದಾಯ ತನ್ನ ಮೊದಲಿನ ರೂಪದತ್ತ ಹೊರಳಿತು. ಇಡೀ ಚೀಲವನ್ನು ಬದಲಿಸಿದರೇ ಹೀಗಾದರೆ, ದಿನಕ್ಕೊಂದು ಚಮಚ ಸೂಕ್ಷ್ಮಾಣುಗಳ ಪುಡಿ ಆ ಸಮುದಾಯವನ್ನು ಬದಲಿಸೀತೆಂದು ನಂಬುವುದು ಕಷ್ಟ. ಹಾಗಾದರೆ ಪಶು ಆಹಾರಕ್ಕೆ ಬೆರೆಸುವ ಯೀಸ್ಟ್ ಕೆಲಸ ಮಾಡುವುದಿಲ್ಲವೇ ಎಂದು ಕೇಳಬಹುದು. ಹಾಲು ಕೊಡುವ ಹಸುಗಳಿಗೆ ಅದನ್ನು ತಿನ್ನಿಸಿ ನೋಡುವ ಪ್ರಯತ್ನ 1920ರ ದಶಕದಲ್ಲೇ ನಡೆದಿತ್ತು. ಆದರೆ ಯೀಸ್ಟ್ ಅಲ್ಲಿ ನೆಲೆಸುವುದಿಲ್ಲ. ಇರುವಷ್ಟು ಹೊತ್ತು, ನುಸುಳಿದ ಆಮ್ಲಜನಕವನ್ನು ಹೀರಿ ಉಳಿದ ಜೀವಿಗಳಿಗೆ ಅನುಕೂಲ ಮಾಡುತ್ತದೆ. ಅದನ್ನು ದಿನವೂ ಕೊಡಬೇಕಾದದ್ದು ಅದಕ್ಕೇ.

ದಿನನಿತ್ಯದ ಪುಡಿಯ ಮಾರುಕಟ್ಟೆ ಬೆಳೆದದ್ದಕ್ಕೆ ಹೊಟ್ಟೆಗಿಂತ ಕಾನೂನು ದೊಡ್ಡ ಕಾರಣ. 1940ರ ದಶಕದ ಕೊನೆಯಲ್ಲಿ ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ ಆಹಾರದಿಂದ ಕೋಳಿ-ಹಂದಿಗಳು ಬೇಗ ಬೆಳೆಯುವುದು ಗೊತ್ತಾಯಿತು. ಆಮೇಲೆ ದನಗಳ ಹಿಂಡಿಗೂ ಆಂಟಿಬಯಾಟಿಕ್ ಬೆರೆಯಿತು. ರೋಗಾಣುಗಳು ಮದ್ದಿಗೆ ಬಗ್ಗದಂತಾಗುವ ಭಯದಿಂದ ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರಲ್ಲಿ, ಬೆಳವಣಿಗೆಗಾಗಿ ಅವನ್ನು ಬಳಸುವುದನ್ನು ನಿಲ್ಲಿಸಿದವು. ಆ ತೆರವಿಗೆ ಜೀವಂತ ಸೂಕ್ಷ್ಮಾಣುಗಳ ಪ್ರೋಬಯಾಟಿಕ್, ಅವಕ್ಕೆ ಆಹಾರವಾಗುವ ಪ್ರಿಬಯಾಟಿಕ್‌ಗಳು ಬಂದವು. ನಿರ್ಧಾರ ಸರಿಯಾದದ್ದೇ. ಆದರೆ ಮನುಷ್ಯನಿಗೆ ಹೊಂದುವ ಪ್ರಿಬಯಾಟಿಕ್ ತರ್ಕ ಬೆಳೆದ ಹಸುವಿಗೆ ಅಷ್ಟಾಗಿ ಹೊಂದುವುದಿಲ್ಲ. ನಮ್ಮಲ್ಲಿ ಇನ್ಯುಲಿನ್‌ನಂಥ ನಾರು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಹಸುವಿನಲ್ಲಿ ಅದು ಮೆಲುಕು ಚೀಲದಲ್ಲೇ ಹುದುಗಿ ಮುಗಿಯುತ್ತದೆ. ಹಸಿರು ಮೇವು, ಜೋಳದ ಕಡ್ಡಿ, ರಾಗಿ ಹುಲ್ಲು ಆ ಕೆಲಸವನ್ನು ಆಗಲೇ ಮಾಡುತ್ತಿವೆ. ಹಾಲಿನ ಆಸೆಗೆ ಹುಲ್ಲು ಕಡಿಮೆ ಮಾಡಿ ಹಿಂಡಿ, ಜೋಳದ ನುಚ್ಚು ಹೆಚ್ಚಿಸಿದರೆ ಚೀಲ ಹುಳಿಯಾಗುತ್ತದೆ, ಆಗ ಪೊಟ್ಟಣ ಕೊಟ್ಟು ಸರಿಪಡಿಸಹೊರಡುವುದು ತಲೆಕೆಳಗಾದ ಕೆಲಸ. ಹಾಲು ಬಿಟ್ಟಿರದ ಕರು ಮತ್ತು ಆಂಟಿಬಯಾಟಿಕ್ ಪಡೆದು ಮೇವು ಬಿಟ್ಟ ಹಸುವಿನ ವಿಷಯ ಬೇರೆ, ಅವುಗಳ ಹೊಟ್ಟೆಯಲ್ಲಿ ಜಾಗ ತೆರವಾಗಿರುತ್ತದೆ. ಅಮೆರಿಕದ ಓಹಾಯೊದಲ್ಲಿ ಪೌಂಡನ್ ಮತ್ತು ಹಿಬ್ಸ್ 1940ರ ದಶಕದ ಕೊನೆಯಲ್ಲಿ ಕರುಗಳಿಗೆ ದೊಡ್ಡ ಹಸುವಿನ ಮೆಲುಕು ಕೊಟ್ಟು, ಅವುಗಳ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳು ನೆಲೆಯೂರುವುದನ್ನು ಗಮನಿಸಿದ್ದರು. ಆರೋಗ್ಯವಂತ ಹಸುವಿನಿಂದ ಲೀಟರುಗಟ್ಟಲೆ ಮೆಲುಕು ರಸ ತೆಗೆದು, ಸೋಸಿ, ಬಿಸಿ ಆರುವ ಮುಂಚೆ ಕೊಳವೆಯಲ್ಲಿ ಕುಡಿಸುವ ಪದ್ಧತಿ ಇಂದಿಗೂ ಪಶು ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.