ಡಿಸೈನ್ ಕಾಲೇಜಿನಲ್ಲಿ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್: ಏನು ಕಲಿಸ್ತಾರೆ, ಯಾರು ಸೇರಬಹುದು, ಖರ್ಚಿನ ಲೆಕ್ಕ ಹೇಗೆ?

‘ಡಿಸೈನ್ ಕಾಲೇಜಿಗೆ ಸೇರಿ ಆ್ಯಪ್ ವಿನ್ಯಾಸ ಕಲೀತೇನೆ’ ಅಂತ ಮಕ್ಕಳು ಹೇಳಿದರೆ ಗಲ್ಫಿನಲ್ಲಿ ದುಡಿಯುವ ತಂದೆ ತಾಯಿಗೆ ಗೊಂದಲ ಆಗುವುದು ಸಹಜ. ಇದು ಚಿತ್ರಕಲೆಯೋ, ಕಂಪ್ಯೂಟರೋ? ವರ್ಷಗಟ್ಟಲೆ ಉಳಿಸಿದ ಹಣ ಹಾಕುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಏನಿದು?

ಎಟಿಎಂ ಮೊದಲು ಹಣ ಕೊಟ್ಟು ಆಮೇಲೆ ಕಾರ್ಡ್ ಕೊಟ್ಟರೆ, ಹಣ ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತು ಅಂತ ಜನ ಕಾರ್ಡ್ ಮರೆತು ಹೋಗುತ್ತಾರೆ. ಮೊದಲು ಕಾರ್ಡ್, ನಂತರ ಹಣ ಎಂದು ಕ್ರಮ ಬದಲಿಸಿದರೆ ಮರೆವು ಕಡಿಮೆಯಾಗುತ್ತದೆ. ತಪ್ಪು ಜನರದ್ದಲ್ಲ, ಯಂತ್ರದ ವಿನ್ಯಾಸದ್ದು. ಇಂಥ ತೊಡಕು ಹುಡುಕಿ ಸರಿಪಡಿಸುವ ವಿದ್ಯೆಯೇ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್. ಊರಿಗೆ ಹಣ ಕಳಿಸುವ ಆ್ಯಪ್‌ನಲ್ಲಿ ವಿನಿಮಯ ದರ, ಶುಲ್ಕ, ಮನೆಗೆ ತಲುಪುವ ಮೊತ್ತ ಒಂದೇ ಕಡೆ ಕಾಣಬೇಕು ಎಂದು ಯೋಚಿಸುವುದೂ ಇದೇ ಕೆಲಸ.

ಆರ್ಟ್ ಕಾಲೇಜಿನಲ್ಲಿ ಯಾಕೆ?

ಈ ವಿಷಯ ಬೆಳೆದದ್ದು ಕಂಪ್ಯೂಟರ್ ವಿಜ್ಞಾನ ಮತ್ತು ಮನಶ್ಶಾಸ್ತ್ರದಿಂದ. 1980ರ ದಶಕದಲ್ಲಿ ಬಿಲ್ ಮಾಗ್ರಿಡ್ಜ್, ಬಿಲ್ ವರ್‌ಪ್ಲ್ಯಾಂಕ್ ಇದರ ವಿನ್ಯಾಸದ ಭಾಗಕ್ಕೆ ‘ಇಂಟರಾಕ್ಷನ್ ಡಿಸೈನ್’ ಎಂಬ ಹೆಸರು ಕೊಟ್ಟರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಗಿಲಿಯನ್ ಕ್ರಾಂಪ್ಟನ್ ಸ್ಮಿತ್ ಇದನ್ನು ಕಲಾ ಶಿಕ್ಷಣದೊಳಗೆ ತಂದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೋಡಿಂಗ್‌ಗೆ ಒತ್ತು. ಇಲ್ಲಿ ಜನರನ್ನು ಗಮನಿಸುವುದು, ಸ್ಕೆಚ್ ಮಾಡುವುದು, ಕಾಗದದ ಮೇಲೆ ಮಾದರಿ ಮಾಡಿ ಬಳಸುವವರ ಕೈಗೇ ಕೊಟ್ಟು ನೋಡುವುದು. ಕೋಡಿಂಗ್ ಸ್ವಲ್ಪ ಇರುತ್ತದೆ, ಅದೇ ಮುಖ್ಯವಲ್ಲ.

ಎಲ್ಲಿ ಓದಬಹುದು?

ಮುಂಬೈ ಐಐಟಿಯ ಐಡಿಸಿ (1969ರಲ್ಲಿ ಶುರುವಾದದ್ದು) ಮತ್ತು ಎನ್‌ಐಡಿಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಇಂಟರಾಕ್ಷನ್ ಡಿಸೈನ್ ಎಂ.ಡಿಸ್. ಇದೆ. ಬೆಂಗಳೂರಿನ ಸೃಷ್ಟಿ 1996ರಲ್ಲಿ ಆರಂಭವಾದ ಖಾಸಗಿ ಕಾಲೇಜು. ಈಗ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಭಾಗ. ಗಲ್ಫಿನಲ್ಲೇ ಓದುವುದಾದರೆ ದೋಹಾದಲ್ಲಿ 1998ರಿಂದ ವಿಸಿಯು ಆರ್ಟ್ಸ್ ಕತಾರ್, ದುಬೈಯಲ್ಲಿ 2018ರಿಂದ ಡಿಐಡಿಐ ಇವೆ. ಹೆಸರಿಗಿಂತ ಪಠ್ಯಕ್ರಮ ನೋಡಿ: ಬಳಕೆದಾರರ ಅಧ್ಯಯನ, ಪ್ರೋಟೊಟೈಪ್, ಯೂಸಬಿಲಿಟಿ ಪರೀಕ್ಷೆ ಇದ್ದರೆ ವಿಷಯ ಇದೇ.

ಕಾಮರ್ಸ್ ಮಕ್ಕಳಿಗೆ ಆಗುತ್ತದಾ?

ಆಗುತ್ತದೆ. ಐಐಟಿಗಳ ಬಿ.ಡಿಸ್.ಗೆ ಇರುವ ಯುಸೀಡ್ ಪರೀಕ್ಷೆಯನ್ನು ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವ ವಿಭಾಗದವರೂ ಬರೆಯಬಹುದು. ಚಿತ್ರ ಬಿಡಿಸುವ ಭಾಗವೂ ಇದೆ. ಮೂರು ವರ್ಷದ ಡಿಗ್ರಿ ಮುಗಿಸಿದವರು ಎಂ.ಡಿಸ್.ಗೆ ಸೀಡ್ ಬರೆಯಬಹುದು. ಆದರೆ ಪ್ರವೇಶದ ನಿಯಮ ಒಂದೊಂದು ಸಂಸ್ಥೆಗೆ ಒಂದೊಂದು.

ಲೆಕ್ಕ ಹಾಕುವ ಕ್ರಮ

ಒಂದು ವರ್ಷದ ಫೀಸ್ ನೋಡಿ ತೀರ್ಮಾನ ಬೇಡ. ಬಿ.ಡಿಸ್. ನಾಲ್ಕು ವರ್ಷ. ಫೀಸ್, ಹಾಸ್ಟೆಲ್, ಊಟ, ಲ್ಯಾಪ್‌ಟಾಪ್, ಪ್ರಾಜೆಕ್ಟ್ ಸಾಮಾನು, ಊರಿಗೆ ಹೋಗಿಬರುವ ಟಿಕೆಟ್ ಎಲ್ಲ ಸೇರಿಸಿ, ಪ್ರತಿ ವರ್ಷ ಫೀಸ್ ಏರುವುದನ್ನೂ ಹಿಡಿಯಬೇಕು. ಎನ್‌ಆರ್‌ಐ ಕೋಟಾದಲ್ಲಿ ಫೀಸ್ ಬೇರೆಯೇ ಇದೆಯಾ ಅಂತ ಕಾಲೇಜಿನಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಏಜೆಂಟ್ ಹೇಳಬಹುದು. ಅದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಭಾರತದಲ್ಲಿ ತೆರಿಗೆ ಬೀಳುವ ಆದಾಯವೇ ಇಲ್ಲದವರಿಗೆ ಅದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಮುಂದೆ ಕೆಲಸ?

ಯುಎಕ್ಸ್ ಡಿಸೈನರ್, ಯುಎಕ್ಸ್ ರಿಸರ್ಚರ್ ಹುದ್ದೆಗಳು ಬ್ಯಾಂಕ್, ಆಸ್ಪತ್ರೆ, ವಿಮಾನಯಾನ, ಸಾಫ್ಟ್‌ವೇರ್ ಕಂಪೆನಿಗಳಲ್ಲಿವೆ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಪೋರ್ಟ್‌ಫೋಲಿಯೊ ಮುಖ್ಯ: ಯಾವ ತೊಂದರೆ ಕಂಡೆ, ಯಾರನ್ನು ಕೇಳಿದೆ, ಏನು ಬದಲಿಸಿದೆ ಎಂಬ ದಾಖಲೆ. ಹಾಗಾಗಿ ಸೀಟು ಹಿಡಿಯುವ ಮೊದಲು ಆ ಕಾಲೇಜಿನಿಂದ ಹೊರಬಂದ ಇಬ್ಬರು ಮೂವರ ಪೋರ್ಟ್‌ಫೋಲಿಯೊ ನೋಡಿ, ಅವರೀಗ ಏನು ಕೆಲಸದಲ್ಲಿದ್ದಾರೆ ಅಂತ ವಿಚಾರಿಸಬೇಕು. ಕಾಲೇಜಿನ ಬ್ರೋಷರ್‌ಗಿಂತ ಅದು ಹೆಚ್ಚು ಹೇಳುತ್ತದೆ.