ದೇಹದ ಸ್ವಂತ ರಕ್ಷಣೆ: 1898ರ ಧಾರವಾಡ ಸೀಮೆಯ ಒಂದು ಪಾಠ

ರೋಣ ತಾಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ಗದಗ–ಹೊಟಗಿ ರೈಲುಮಾರ್ಗದ ಒಂದು ನಿಲ್ದಾಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸರಕಿನೊಡನೆ ಪ್ಲೇಗನ್ನೂ ಊರಿಂದೂರಿಗೆ ಸಾಗಿಸಿದವು ರೈಲುಗಳೇ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಬೇನೆ, ಈ ಸೀಮೆ ಅಂದು ಸೇರಿದ್ದ ಧಾರವಾಡ ಜಿಲ್ಲೆಯನ್ನು ಹೊಕ್ಕು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನೂ ಮುಟ್ಟಿತು. ದೇಹದ ಸ್ವಂತ ರೋಗನಿರೋಧ ಶಕ್ತಿಯನ್ನು ಬಲಪಡಿಸಿ ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಮಾಡಬಹುದೇ ಎಂದು ಇಂದು ಕೇಳುವವರು ಆ ಕಾಲದ ಅನುಭವವನ್ನು ಅರಿಯುವುದು ಅವಶ್ಯವೆಂದು ನಮಗೆ ತೋರುತ್ತದೆ.

ಅಂದು ವೈದ್ಯರ ಮುಂದೆ ಎರಡು ಮಾರ್ಗಗಳಿದ್ದವು. ಕುದುರೆಯ ರಕ್ತದಿಂದ ತೆಗೆದ ಯರ್ಸಿನ್ನರ ಸೀರಮ್ಮನ್ನು ರೋಗಿಗೆ ಕೊಡುವುದು ಒಂದು. ಇದು ಎರವಲು ತಂದ ಬಲ. ಕಾಯಿಸಿ ಕೊಂದ ಪ್ಲೇಗಿನ ಅಣುಜೀವಿಗಳನ್ನು ಆರೋಗ್ಯವಂತರಿಗೆ ಚುಚ್ಚಿ, ದೇಹವೇ ಬಲವನ್ನು ಹುಟ್ಟಿಸಿಕೊಳ್ಳುವಂತೆ ಮಾಡುವುದು ಇನ್ನೊಂದು. ಇದನ್ನು ಹಾಫ್‌ಕಿನ್ನರು 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಸೀರಮ್ಮು ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ. ಚುಚ್ಚುಮದ್ದನ್ನಾದರೋ 1898ರಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ ಡಾಕ್ಟರ್ ಲ್ಯೂಮನ್ನರ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಹಾಕಿಸಿಕೊಂಡರು.

ಇದರ ಫಲವನ್ನು ಅಳೆಯುವುದು ಸುಲಭವಾಗಿರಲಿಲ್ಲ. ಚುಚ್ಚಿಸಿಕೊಂಡವರ ಲೆಕ್ಕವಿತ್ತು, ಚುಚ್ಚಿಸಿಕೊಳ್ಳದವರ ಸಂಖ್ಯೆಯಾದರೋ ಸಾವಿನಿಂದಲೂ ಊರು ಬಿಡುವುದರಿಂದಲೂ ವಾರವಾರಕ್ಕೆ ಬದಲಾಗುತ್ತಿತ್ತು. ಆದುದರಿಂದ ಪ್ಲೇಗು ಆಯೋಗವು ಎಚ್ಚರದಿಂದಲೇ ತೀರ್ಮಾನಿಸಿತು: ಚುಚ್ಚುಮದ್ದಿನಿಂದ ರೋಗವೂ ಮರಣವೂ ತಗ್ಗುತ್ತವೆ, ಆದರೆ ರಕ್ಷಣೆ ಪರಿಪೂರ್ಣವಲ್ಲ. ಮೇಲಾಗಿ ಅದು ಮುಂಜಾಗ್ರತೆಯೇ ಹೊರತು ಬಿದ್ದ ರೋಗಕ್ಕೆ ಮದ್ದಲ್ಲ.

ಎಚ್‌ಐವಿಯ ವಿಷಯದಲ್ಲಿ ತೊಡಕು ಇನ್ನೂ ದೊಡ್ಡದು. ಆ ವೈರಾಣು ದೇಹದ ಕಾವಲುಗಾರರಾದ ಸಿಡಿ4 ಕಣಗಳನ್ನೇ ಹಿಡಿಯುತ್ತದೆ. ಇಂಟರ್‌ಲ್ಯೂಕಿನ್-2 ಎಂಬ ದ್ರವ್ಯವನ್ನು ಕೊಟ್ಟು ಆ ಕಣಗಳನ್ನು ಹೆಚ್ಚಿಸುವ ಎರಡು ದೊಡ್ಡ ಪ್ರಯೋಗಗಳು ನಡೆದವು. ಒಂದರಲ್ಲಿ 4,111, ಇನ್ನೊಂದರಲ್ಲಿ 1,695 ಜನರಿದ್ದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಣಗಳ ಸಂಖ್ಯೆ ಏರಿತು. ರೋಗವಾಗಲಿ ಮರಣವಾಗಲಿ ತಗ್ಗಲಿಲ್ಲ. ಇದಕ್ಕೆ ಪ್ರತಿಯಾಗಿ, ಭಾರತ ಸರಕಾರವು 2004ರಿಂದ ಉಚಿತವಾಗಿ ಕೊಡುತ್ತಿರುವ ವೈರಾಣುನಿರೋಧಕ ಔಷಧಿಗಳು ಮೊದಲು ಶತ್ರುವನ್ನು ಅಡಗಿಸುತ್ತವೆ. ಆ ಬಳಿಕ ದೇಹದ ಬಲ ತಾನಾಗಿ ಚೇತರಿಸಿಕೊಳ್ಳುತ್ತದೆ.

ತಾತ್ಪರ್ಯವಿಷ್ಟೇ: ಬಲದ ಅಂಕೆ ಬೇರೆ, ರಕ್ಷಣೆ ಬೇರೆ. ‘ಶಕ್ತಿವರ್ಧಕ’ವೆಂದು ಮಾರುವ ಮದ್ದುಗಳನ್ನು ನಂಬಿ ನಿಯತ ಔಷಧಿಯನ್ನು ಬಿಡುವವರ ಪ್ರಾಣವೇ ಈ ಭೇದವನ್ನು ಅರಿಯುವುದರ ಮೇಲೆ ನಿಂತಿದೆ.